ನಮ್ಮವನ ಕಟ್ಟೆ

ಎರೆಕೊಪ್ಪದ ಅಗಸಿ ಬಾಗಿಲು ದಾಟಿ ಹೊಲದ ದಾರಿ ಹಿಡಿದರೆ ಬಲಗಡೆಗೆ ಒಂದು ದಿನ್ನೆ ಸಿಗುತ್ತದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಕರಿ ಎರೆಭೂಮಿ. ಈ ದಿನ್ನೆ ಮಾತ್ರ ಗರಸು ಮಣ್ಣಿನದು, ಎಂಥ ಮಳೆಗೂ ಇಲ್ಲಿ ನೀರು ನಿಲ್ಲುವುದಿಲ್ಲ. ದಿನ್ನೆಯ ನೆತ್ತಿಯಲ್ಲಿ ಒಂದು ಬನ್ನಿಗಿಡ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಕಟ್ಟೆಯ ನಡುವೆ ಒಬ್ಬಿಬ್ಬರಿಂದ ಅಲುಗದಂಥ ದುಂಡನೆಯ ಚಪ್ಪಡಿ. ಚಪ್ಪಡಿಯ ಹಿಂದೆ ಆಳೆತ್ತರದ ನಿಲುಗಲ್ಲು. ಅದರ ಮೇಲೆ ರುಮಾಲು ಸುತ್ತಿದ ಗಂಡಸಿನ ಉಬ್ಬುಚಿತ್ರ. ರುಮಾಲಿನ ಸುತ್ತುಗಳು ನಿನ್ನೆ ಕೆತ್ತಿದಂತಿವೆ, ನಡುಕಟ್ಟಿನ ಗಂಟು ಅಚ್ಚುಕಟ್ಟಾಗಿದೆ, ಕಾಲಿನ ಉಗುರುಗಳು ಕೂಡ ಕಾಣುತ್ತವೆ. ಮುಖ ಮಾತ್ರ ಇಲ್ಲ. ಹಣೆಯಿಂದ ಗದ್ದದವರೆಗೆ ಕಲ್ಲು ನುಣ್ಣಗಾಗಿದೆ. ಭಕ್ತರು ಮುಟ್ಟಿ ಮುಟ್ಟಿ ಸವೆದಿದೆ ಎನ್ನುತ್ತಾರೆ. ಈ ಜಾಗಕ್ಕೆ ನಮ್ಮವನ ಕಟ್ಟೆ ಎಂದು ಹೆಸರು.

ಇಲ್ಲಿಗೆ ಬರುವವರು ಮಳೆ ಬೇಡುವುದಿಲ್ಲ, ಮಕ್ಕಳ ಫಲ ಬೇಡುವುದಿಲ್ಲ. ಅದಕ್ಕೆಲ್ಲ ಬೇರೆ ದೇವರಿದ್ದಾರೆ. ಇಲ್ಲಿಗೆ ಬರುವವರು ನೌಕರಿಗೆ ಸಂದರ್ಶನ ಗೊತ್ತಾದವರು, ವರ್ಗಾವಣೆ ಬೇಕಾದವರು, ಸೊಸೈಟಿ ಚುನಾವಣೆಗೆ ನಿಂತವರು, ಪಕ್ಷದ ಟಿಕೆಟ್ಟಿಗಾಗಿ ಯಾರ ಯಾರದೋ ಬಾಗಿಲು ಕಾದು ಸೋತವರು. 'ನಮ್ಮವ ಅನ್ನುವವರು ಒಬ್ಬರನ್ನಾದರೂ ಒದಗಿಸಪ್ಪಾ' ಎಂದು ಬೇಡಿ ಬನ್ನಿಗಿಡಕ್ಕೆ ರುಮಾಲಿನ ಚೂರು ಕಟ್ಟುತ್ತಾರೆ. ಓದು ಬರಲಿ, ಕಲಿಕೆ ಬರಲಿ ಎಂದು ಯಾರೂ ಹರಕೆ ಹೊರುವುದಿಲ್ಲ. ಅದರಿಂದ ಏನಾಗುತ್ತದೆಂದು ಬಂದವರಿಗೆಲ್ಲ ಗೊತ್ತು. ಕಟ್ಟೆಯ ಟ್ರಸ್ಟಿನ ಅಧ್ಯಕ್ಷರು, ಕಾರ್ಯದರ್ಶಿ, ಪೂಜೆ ಮಾಡುವವರು, ತೆಂಗಿನಕಾಯಿ ಅಂಗಡಿ ಇಟ್ಟವರು ಎಲ್ಲ ಒಂದೇ ಮನೆತನದವರು. ಅವರೇ ಬರೆಸಿದ ಹಳದಿ ಬೋರ್ಡು ದಾರಿಗೇ ಎದುರಾಗುತ್ತದೆ: 'ಊರಿನ ಉಳಿವಿಗಾಗಿ ಸ್ವಂತ ಮಗನನ್ನೇ ಅರ್ಪಿಸಿದ ತಮ್ಮನಗೌಡರ ತ್ಯಾಗಭೂಮಿ.' ಬೋರ್ಡು ಓದಿ, ಕೈಮುಗಿದು, ಫೋಟೊ ಹೊಡೆದುಕೊಂಡು ಹೋಗುವವರು ಸುಖವಾಗಿ ಹೋಗಲಿ. ಆದರೆ ಎರೆಕೊಪ್ಪದ ಮುದುಕಿಯರು ರೊಟ್ಟಿ ಬಡಿಯುತ್ತ ಹೇಳುವ ಕಥೆ ಬೇರೆಯೇ ಇದೆ. ಅದು ಬೋರ್ಡಿನ ಮೇಲೆ ಬರುವಂಥದ್ದಲ್ಲ.

ಹಿಂದೆ ಒಮ್ಮೆ, ದೇಸಾಯರ ದರ್ಬಾರು ನಡೆಯುತ್ತಿದ್ದ ಕಾಲದಲ್ಲಿ, ಈ ದಿನ್ನೆಯ ಹೊಟ್ಟೆಯೊಳಗೆ ಊರಿನ ಹಗೇವುಗಳಿದ್ದವು. ಹಗೇವು ಎಂದರೆ ನೆಲದೊಳಗೆ ಆಳವಾಗಿ ತೋಡಿದ ಕಾಳಿನ ಕಣಜ. ಬಾಯಿ ಒಬ್ಬ ಮನುಷ್ಯ ತೂರುವಷ್ಟು ಕಿರಿದು, ಒಳಗೆ ಮನೆಯಷ್ಟು ವಿಶಾಲ. ಸುಗ್ಗಿಯಲ್ಲಿ ಊರವರೆಲ್ಲ ತಮ್ಮ ತಮ್ಮ ಪಾಲಿನ ಜೋಳ ತಂದು ಸುರಿಯಬೇಕು, ಬಾಯಿಗೆ ಚಪ್ಪಡಿ ಮುಚ್ಚಿ ಅಂಚಿಗೆ ಸಗಣಿ, ಮಣ್ಣು, ಹೊಟ್ಟು ಕಲಸಿ ಮೆತ್ತಬೇಕು. ಕಷ್ಟಕಾಲಕ್ಕೆ ಅದನ್ನು ತೆರೆದು ಹಂಚಬೇಕು. ಮುಚ್ಚಿಟ್ಟ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದ ಕೂಡಲೆ ಇಳಿದವನು ಮತ್ತೆ ಮೇಲೆ ಬರುವುದಿಲ್ಲ. ಆದುದರಿಂದ ಹಚ್ಚಿದ ಪಣತಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವುದು, ದೀಪ ನಿಂತರೆ ಮನುಷ್ಯ ಇಳಿಯುವುದು, ಆರಿದರೆ ಕಾಯುವುದು. ಇದು ಎರೆಕೊಪ್ಪದ ಕೂಸಿಗೂ ಗೊತ್ತಿದ್ದ ಮಾತು.

ಇದರ ಜೊತೆಗೆ ಹಿರಿಯರು ಇನ್ನೊಂದು ಕಟ್ಟಳೆ ಮಾಡಿಟ್ಟಿದ್ದರು. ಹಗೇವಿನ ಉಸ್ತುವಾರಿ ಯಾರ ಕೈಯಲ್ಲಿದೆಯೋ ಅವರ ಮನೆಯವನೇ ಮೊದಲು ಇಳಿಯಬೇಕು. ಮಗನಾಗಲಿ ತಮ್ಮನಾಗಲಿ, ನಡುವಿಗೆ ಹಗ್ಗ ಕಟ್ಟಿಕೊಂಡು ಮೊದಲ ಬುಟ್ಟಿ ತುಂಬಿ ಮೇಲೆ ಕಳಿಸಬೇಕು; ಅನಂತರ ಕೂಲಿಯವರು. ಪರರ ಮಕ್ಕಳನ್ನು ಇಳಿಸುವವನು ದೀಪ ಕಾಯುವುದಿಲ್ಲ ಎಂಬುದು ಆ ಹಿರಿಯರಿಗೆ ತಿಳಿದಿತ್ತು. ಪುಣ್ಯಾತ್ಮರು, ಮನುಷ್ಯನನ್ನು ಚೆನ್ನಾಗಿ ಬಲ್ಲವರು. ಆದರೆ ಅವರಿಗೂ ತಿಳಿಯದೆ ಹೋದ ಒಂದು ಸಂಗತಿ ಇತ್ತು, ಅದು ಮುಂದೆ ಬರುತ್ತದೆ.

ಆ ಕಾಲಕ್ಕೆ ಉಸ್ತುವಾರಿ ನೋಡುತ್ತಿದ್ದವನು ಈರಪ್ಪ. ಊರ ಹಿರಿಯರು ಕೂತು ಆರಿಸಿದ ಮನುಷ್ಯ. ಅವನ ಹೆಂಡತಿ ನಿಂಬೆವ್ವ, ಒಬ್ಬನೇ ಮಗ ಅಂದಾನಪ್ಪ. ಹಗೇವು ತೆರೆದಾಗಲೆಲ್ಲ ಮೊದಲು ಇಳಿಯುತ್ತಿದ್ದವನು ಅಂದಾನಪ್ಪನೇ. ನಿಂಬೆವ್ವ ತಾನೇ ಪಣತಿಗೆ ಎಣ್ಣೆ ಹಾಕಿ, ಬತ್ತಿ ಹೊಸೆದು, ದೀಪ ಇಳಿಬಿಟ್ಟು, ಅದು ಮಿಣುಕದೆ ಉರಿಯುವವರೆಗೆ ಮಗನ ರೆಟ್ಟೆ ಬಿಡುತ್ತಿರಲಿಲ್ಲ. ಹೊತ್ತು ಇಳಿದರೂ ಸರಿ, ಜನ ಗೊಣಗಿದರೂ ಸರಿ. 'ನಿಮ್ಮ ಜೋಳ ಎಲ್ಲಿಗೂ ಓಡಿಹೋಗಂಗಿಲ್ಲ, ಸುಮ್ಮ ಕುಂದರ್ರಿ' ಎಂದು ಗದರಿಸುತ್ತಿದ್ದಳು. ಈರಪ್ಪ ಜ್ವರ ಬಂದು ತೀರಿಕೊಂಡಾಗ, ಇನ್ನು ಮುಂದೆ ಅಂದಾನಪ್ಪನೇ ಎಂದು ಊರು ಮಾತಾಡಿಕೊಂಡಿತು. ಅವನು ಆಗ ಮೀಸೆ ತಿರುವುವ ವಯಸ್ಸಿನ ಗಟ್ಟಿ ಆಳು, ಕೆಲಸ ಬಲ್ಲವನು.

ಆದರೆ ದೇಸಾಯರಿಗೆ ಒಬ್ಬ ಹೆಂಡತಿಯ ತಮ್ಮನಿದ್ದ. ತಮ್ಮನಗೌಡ ಅವನ ಹೆಸರು. ತನ್ನೂರಿನಲ್ಲಿದ್ದುದನ್ನೆಲ್ಲ ಕರಗಿಸಿ, ಹೆಂಡತಿ ಮಗನನ್ನು ಕರೆದುಕೊಂಡು ಅಕ್ಕನ ಮನೆಗೆ, ದೇಸಾಯರ ವಾಡೆಗೆ, ಬಂದು ಬಿದ್ದಿದ್ದ. ಉಣ್ಣುವುದು, ಮಲಗುವುದು, ಎದ್ದು ಮೀಸೆಗೆ ಎಣ್ಣೆ ಹಚ್ಚುವುದು, ಇಷ್ಟೇ ಕಸುಬು. ತಮ್ಮನಿಗೆ ಊರಲ್ಲಿ ಒಂದು ಮರ್ಯಾದೆ ಬೇಡವೇ ಎಂದು ದೇಸಾಯರ ಹೆಂಡತಿ ಗಂಡನ ತಲೆ ತಿಂದಳು. ದೇಸಾಯರು ಹಿರಿಯರನ್ನು ಕರೆಸಿದರು. ಹಿರಿಯರಲ್ಲಿ ಹಿರಿಯ ಶರಣಪ್ಪಜ್ಜ, ಈರಪ್ಪನನ್ನು ಆರಿಸಿದ್ದ ಅದೇ ಶರಣಪ್ಪಜ್ಜ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, 'ತಮ್ಮನಗೌಡ್ರು ಏನ್ ಪರಕೀಯರ? ನಮ್ಮವರ ಅಲ್ಲೇನು' ಎಂದ. ಉಳಿದವರೂ ತಲೆಯಾಡಿಸಿದರು. ಹಗೇವಿನ ಉಸ್ತುವಾರಿ ತಮ್ಮನಗೌಡನದಾಯಿತು.

ನಿಂಬೆವ್ವ ಸೆರಗು ಬಿಗಿದುಕೊಂಡು ವಾಡೆಗೆ ಹೋದಳು. 'ದೇಸಾಯರ, ನನ್ನ ಮಗ ನಡಕ್ಕ ಹಗ್ಗ ಕಟಿಗೊಂಡ ಬೆಳದಾಂವ್ರಿ. ಆ ಕೆಲಸ ಅವಗ ಕೊಡ್ರಿ' ಎಂದಳು. ದೇಸಾಯರು ಕೆಟ್ಟವರಾಗಿ ಮಾತಾಡಲಿಲ್ಲ, ಪಾಪ. 'ನಿಂಬೆವ್ವಾ, ನಿನ್ನ ಮಗ ಶಾಣ್ಯಾ ಅದಾನ, ಇಲ್ಲ ಅಂದವರ್ಯಾರು? ಆದ್ರ ಅಂವ ನಮ್ಮಂವ ಅಲ್ಲ ನೋಡು' ಎಂದು ಸಮಾಧಾನದಿಂದಲೇ ಹೇಳಿದರು. ಬಿಸಿಲು ಬಿಸಿ, ನೀರು ತಂಪು ಎಂದು ತಿಳಿಸಿ ಹೇಳುವ ಧಾಟಿ ಅದು. ಬೈದಿದ್ದರೆ ನಿಂಬೆವ್ವ ತಿರುಗಿ ಬೈಯುತ್ತಿದ್ದಳು. ಅವಳ ಬಾಯಿ ಹಾಗಿತ್ತು. ಈಗ ಬಿಗಿದ ಸೆರಗು ಸಡಿಲಿಸಿ ಮನೆಯ ದಾರಿ ಹಿಡಿದಳು. ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕಿದಳು. ಮನೆ ಮುಟ್ಟುವ ಹೊತ್ತಿಗೆ ಅದು ಅವಳಿಗೆ ಅನ್ಯಾಯದ ಮಾತಾಗಿ ಉಳಿದಿರಲಿಲ್ಲ, ದಾರಿ ತೋರಿಸಿದ ಮಾತಾಗಿತ್ತು. ಮಗ ಅವರವನಲ್ಲ, ಹೌದು. ಹಾಗಾದರೆ ಅವರವನಾಗಬೇಕು.

ಅಂದಿನಿಂದ ನಿಂಬೆವ್ವ ವಾಡೆಯ ಅಡುಗೆಮನೆ ಸೇರಿದಳು. ಕರೆಯದಿದ್ದರೂ ಹೋದಳು. ಬೀಸಿದಳು, ಕುಟ್ಟಿದಳು, ರೊಟ್ಟಿ ಬಡಿದಳು, ದೇಸಾಯರ ಹೆಂಡತಿಯ ತಲೆಗೆ ಎಣ್ಣೆ ತಿಕ್ಕಿದಳು. ಮಗನನ್ನು ತಮ್ಮನಗೌಡನ ಬೆನ್ನಿಗೆ ಹಚ್ಚಿದಳು. ಅವನ ಕುದುರೆಗೆ ಹುಲ್ಲು ಹಾಕು, ಅವನ ಚಾಪೆ ಹಾಸು, ಅವನು ನಕ್ಕರೆ ನಗು. ಅಂದಾನಪ್ಪನಿಗೆ ಇದು ಒಗ್ಗಲಿಲ್ಲ. 'ಕೆಲಸ ಬಂದ್ರ ಸಾಲಂಗಿಲ್ಲೇನ ಯವ್ವಾ?' ಎಂದು ಕೇಳುತ್ತಿದ್ದ. 'ಸಾಲಂಗಿಲ್ಲ. ನಿಮ್ಮಪ್ಪನ ಕಾಲ ಹೋತು. ಅವರು ನಮ್ಮಂವ ಅನ್ನೂತನಕ ಬಗ್ಗಿ ನಡಿ. ಅಂದ ದಿನ ನೆಟ್ಟಗ ನಿಂದರಾಕ ಬರತೈತಿ' ಎನ್ನುತ್ತಿದ್ದಳು. ಅವಳು ದುರಾಸೆಯ ಹೆಂಗಸಲ್ಲ. ಮಗನಿಗೆ ಗೊತ್ತಿದ್ದ ಕೆಲಸ ಮಗನ ಕೈಗೆ ಬರಲಿ ಎಂಬುದೊಂದೇ ಅವಳ ಆಸೆ. ಲೋಕ ತೋರಿಸಿದ ಒಂದೇ ಒಂದು ಬಾಗಿಲನ್ನು ಅವಳು ತಟ್ಟುತ್ತಿದ್ದಳು.

ಇತ್ತ ತಮ್ಮನಗೌಡನ ಉಸ್ತುವಾರಿ ಹೇಗಿತ್ತೆಂದರೆ, ಒಂದೊಂದೇ ಹಗೇವಿನ ಜೋಳ ಯಾವ ಯಾವ ಬೀಗರ ಮನೆ ಸೇರಿತೋ ಶಿವನೇ ಬಲ್ಲ. ಕೊನೆಗೆ ತುಂಬಿದ್ದು ಅಂತ ಉಳಿದದ್ದು ದೊಡ್ಡ ಹಗೇವು ಒಂದೇ. ಮುಂಗಾರು ಬರುವ ಮೊದಲು ಅದರ ಚಪ್ಪಡಿಯ ಅಂಚು ಮೆತ್ತಬೇಕಿತ್ತು, ಮೆತ್ತಿಸಲಿಲ್ಲ. ಅಂದಾನಪ್ಪ ಹೋಗಿ, 'ಗೌಡ್ರ, ಅಂಚಿನಾಗ ಬಿರುಕ ಬಿಟ್ಟೈತ್ರಿ, ನೀರ ಇಳೀತೈತಿ' ಎಂದ. 'ನೀ ಯಾರಲೇ ನನಗ ಹೇಳಾಂವ?' ಎಂದು ತಮ್ಮನಗೌಡ ಮಗ್ಗುಲು ಬದಲಿಸಿದ. ಮಳೆ ಬಂತು, ನೀರು ಒಳಗೆ ಇಳಿಯಿತು, ಕೆಳಗಿನ ಜೋಳ ನೆನೆದು ಕೊಳೆಯಿತು. ದಿನ್ನೆಯ ಮೇಲೆ ಹಾದುಹೋಗುವವರಿಗೆ ಹುಳಿ ವಾಸನೆ ಬರುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಹೀಗಿರುವಾಗ ಯಾರೋ ಒಬ್ಬ ಸರದಾರನ ದಂಡು ಉತ್ತರದ ಕಡೆಗೆ ಹೋಗುತ್ತ ಹಳ್ಳದ ದಂಡೆಗೆ ಬೀಡುಬಿಟ್ಟಿತು. ಹೊತ್ತು ಮುಳುಗುವುದರೊಳಗೆ ಕುದುರೆಗೂ ಮಂದಿಗೂ ಜೋಳ ಬರಬೇಕು, ಬಾರದಿದ್ದರೆ ನಿಂತ ಬೆಳೆಗೆ ಕುದುರೆ ಬಿಡುತ್ತೇವೆ, ಊರಿಗೆ ಬೆಂಕಿ ಇಡುತ್ತೇವೆ ಎಂದು ಸವಾರರು ಬಂದು ಹೇಳಿದರು. ಊರಿಗೆ ಊರೇ ದಿನ್ನೆಯ ಮೇಲೆ ಸೇರಿತು. ಹಾರೆ ಹಾಕಿ ದೊಡ್ಡ ಹಗೇವಿನ ಚಪ್ಪಡಿ ಸರಿಸಿದರೆ ಒಳಗಿನಿಂದ ಬಂದ ನಾತಕ್ಕೆ ಹತ್ತಿರ ನಿಂತವರು ಮೂಗಿಗೆ ಪಂಚೆ ಒತ್ತಿಕೊಂಡು ಹಿಂದೆ ಸರಿದರು. ಪಣತಿ ಇಳಿಬಿಟ್ಟರು. ಅರ್ಧ ಹಗ್ಗ ಇಳಿಯುವುದರೊಳಗೆ ಆರಿತು. ಮತ್ತೆ ಹಚ್ಚಿ ಬಿಟ್ಟರು, ಮತ್ತೆ ಆರಿತು.

'ಗೌಡ್ರ, ದೀಪ ನಿಂದರವಲ್ದು' ಎಂದ ಅಂದಾನಪ್ಪ. 'ನಾಳೀತನಕ ಬಾಯಿ ತೆರದ ಬಿಡೂಣ್ರಿ. ಇವತ್ತ ಇಳದ್ರ ಜೀವ ಉಳಿಯಂಗಿಲ್ಲ.'

'ಗಾಳಿಗಿ ಆರೈತೋ, ಗಾಳಿಗಿ' ಎಂದ ತಮ್ಮನಗೌಡ. ಬನ್ನಿಗಿಡದ ಒಂದು ಎಲೆಯೂ ಆಗ ಅಲುಗುತ್ತಿರಲಿಲ್ಲ.

ಸವಾರರ ಮುಖ್ಯಸ್ಥ ಕುದುರೆಯ ಮೇಲೆ ಕುಳಿತೇ, ಇನ್ನೂ ಏಕೆ ತಡ ಎಂದು ಗುಡುಗಿದ. ಯಾರೋ ಕಟ್ಟಳೆಯ ಮಾತು ತೆಗೆದರು: ಉಸ್ತುವಾರಿಯ ಮನೆಯವರೇ ಮೊದಲು ಇಳಿಯಬೇಕಲ್ಲ. ಜನ ತಮ್ಮನಗೌಡನ ಕಡೆ ನೋಡಿತು. ತಮ್ಮನಗೌಡನ ಮಗ ದೇಸಾಯರ ಹೆಂಡತಿಯ ಬೆನ್ನ ಹಿಂದೆ ಸರಿದ. ದೇಸಾಯರ ಮಕ್ಕಳು, ಅಂದರೆ ತಮ್ಮನಗೌಡನ ಸೋದರಳಿಯರು, ನೆಲ ನೋಡಿದರು. ಹಗೇವಿನ ಜೋಳ ಮನೆಗೆ ಒಯ್ಯುವಾಗ ಎಷ್ಟು ಜನ ನೆಂಟರಿದ್ದರು! ಈಗ ಒಬ್ಬನೂ ಇಲ್ಲ. ದೇಸಾಯರ ಹೆಂಡತಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು, ದೇಸಾಯರು ಮೈದುನನ ಕಿವಿಯಲ್ಲಿ ಹೇಳಿದರು. ತಮ್ಮನಗೌಡ ತನ್ನ ತಲೆಯ ಜರಿಯ ರುಮಾಲು ಬಿಚ್ಚಿ ಅಂದಾನಪ್ಪನ ತಲೆಗೆ ಸುತ್ತಿದ. 'ಊರಾಗಿನ ಹಿರ್‍ಯಾರು ಕೇಳ್ರಿ, ಇವತ್ತಿನಿಂದ ಇಂವ ನನ್ನ ಮಗ' ಎಂದ.

'ನಮ್ಮಂವ, ನಮ್ಮಂವ' ಎಂದ ಶರಣಪ್ಪಜ್ಜ. 'ನಮ್ಮಂವ' ಎಂದರು ಹಿರಿಯರೆಲ್ಲ. ಕಟ್ಟಳೆ ಮಾಡಿಟ್ಟ ಹಳಬರಿಗೆ ತಿಳಿಯದೆ ಹೋದ ಸಂಗತಿ ಇದೇ. ಬೇಕಾದಾಗ ಹೊರಗಿಡುವವರು ಬೇಕಾದಾಗ ಒಳಗೂ ಸೇರಿಸಿಕೊಳ್ಳುತ್ತಾರೆ ಎಂದು ಅವರಿಗೆ ಹೊಳೆದಿರಲಿಲ್ಲ.

ನಿಂಬೆವ್ವ ಅಷ್ಟು ಹೊತ್ತೂ ವಾಡೆಯಲ್ಲಿ ಸವಾರರಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಕೂಗು ಕೇಳಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹಗೇವಿನ ಬಾಯಿ ಅವಳಿಗೆ ಕಾಣಲಿಲ್ಲ, ಆರಿದ ಪಣತಿ ಕಾಣಲಿಲ್ಲ. ಬರೇ ಜನರ ಬೆನ್ನು. ಆ ಬೆನ್ನುಗಳ ಮೇಲೆ ಮಗನ ತಲೆ, ತಲೆಯ ಮೇಲೆ ಜರಿಯ ರುಮಾಲು. ಪಕ್ಕದ ಹೆಂಗಸು, 'ನಿಂಬೆವ್ವಾ, ನಿನ್ನ ಮಗನ್ನ ತಮ್ಮನಗೌಡ್ರು ತಮ್ಮ ಮಗನ್ನ ಮಾಡ್ಕೊಂಡ್ರು ನೋಡಬೇ!' ಎಂದಳು. ನಿಂಬೆವ್ವನ ಕಣ್ಣು ತುಂಬಿ ಬಂತು. ಬೀಸಿದ್ದು, ಕುಟ್ಟಿದ್ದು, ಮಗನನ್ನು ಬಗ್ಗಿಸಿದ್ದು ಎಲ್ಲ ಈ ಗಳಿಗೆಗೆ ಫಲಿಸಿತು ಎಂದುಕೊಂಡಳು. ಅಂದಾನಪ್ಪ ಜನರ ತಲೆಗಳ ಮೇಲಿಂದ ಕತ್ತೆತ್ತಿ ತಾಯಿಯನ್ನು ಹುಡುಕಿದ, ಕಂಡ. ಅಷ್ಟು ಜನರೆದುರು ಏನು ಕೇಳಲು ಬರುತ್ತದೆ? ಕಣ್ಣಿನಲ್ಲೇ ಕೇಳಿದ. ಅವನಿಗೆ ದೀಪ ಆರಿದ್ದು ಗೊತ್ತು. ಒಲ್ಲೆ ಎಂದರೆ ತಾಯಿ ಇಷ್ಟು ದಿನ ಬೇಡಿದ್ದೆಲ್ಲ ಮಣ್ಣುಪಾಲಾಗುತ್ತದೆ ಎಂಬುದೂ ಗೊತ್ತು. ನಿಂಬೆವ್ವ ಹಿಟ್ಟಿನ ಕೈಗಳಿಂದ ದೂರದಿಂದಲೇ ಮಗನ ಮುಖ ನಿವಾಳಿಸಿ, ತನ್ನ ಕಪಾಲಕ್ಕೆ ಬೆರಳು ಒತ್ತಿ ನೆಟಿಕೆ ಮುರಿದಳು. ನಗುತ್ತ, ಅಳುತ್ತ, 'ಹೂಂ ಅನ್ನು, ಹೂಂ ಅನ್ನು' ಎಂದು ತಲೆಯಾಡಿಸಿದಳು.

ರುಮಾಲಿನ ತಲೆ ಕೆಳಗಿಳಿಯಿತು. ಮಗ ಕಾಲಿಗೆ ಬೀಳಲು ಬಗ್ಗಿದ ಎಂದುಕೊಂಡಳು ನಿಂಬೆವ್ವ. ಏಳುತ್ತಾನೆ ಎಂದು ನೋಡುತ್ತ ನಿಂತಳು. ಏಳಲಿಲ್ಲ. ಗದ್ದಲ ಇದ್ದಕ್ಕಿದ್ದಂತೆ ನಿಂತಿತು. ಆಮೇಲೆ ಯಾರೋ, 'ಎಳೀರಿ, ಹಗ್ಗ ಎಳೀರಿ' ಎಂದು ಕಿರುಚಿದರು. ಜನ ಎರಡು ಪಾಲಾಗಿ ದಾರಿ ಬಿಟ್ಟಾಗ ನಿಂಬೆವ್ವನಿಗೆ ಹಗೇವಿನ ಬಾಯಿ ಕಂಡಿತು, ಪಕ್ಕದಲ್ಲಿ ಆರಿದ ಪಣತಿ ಕಂಡಿತು, ತಲೆಯ ರುಮಾಲು ಕದಲದೆ, ಉಸಿರಿಲ್ಲದೆ ಬಿದ್ದಿದ್ದ ಮಗ ಕಂಡ. ಪಣತಿಯಲ್ಲಿ ಎಣ್ಣೆ ಇನ್ನೂ ತುಂಬಿತ್ತು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, 'ಇಂವನ್ನ ನಾ ಮನೀಗೆ ಒಯ್ತೀನ್ರಿ' ಎಂದಳು. ದೇಸಾಯರು ಹಿರಿಯರ ಮುಖ ನೋಡಿದರು. ಸತ್ತವನು ನಿಂಬೆವ್ವನ ಮಗನಾದರೆ ತಮ್ಮನಗೌಡ ಕಟ್ಟಳೆ ಮುರಿದಂತಾಯಿತು, ಪರರ ಮಗನನ್ನು ಕೊಂದಂತಾಯಿತು, ಉಸ್ತುವಾರಿ ಹೋಗುತ್ತದೆ, ವಾಡೆಯ ಮಾನವೂ ಹೋಗುತ್ತದೆ. ಹಿಂದೆ ಮಾತಾಡಿದಷ್ಟೇ ಸಮಾಧಾನದಿಂದ ಅವರು ಹೇಳಿದರು: 'ಅಂವ ಈಗ ನಮ್ಮಂವ, ನಿಂಬೆವ್ವಾ. ನಮ್ಮ ಮಂದಿ ಮಣ್ಣು ಮಾಡತಾರ.' ಹೆಂಗಸರು ಅವಳ ಕೈ ಬಿಡಿಸಿದರು. ತಮ್ಮನಗೌಡ ಎಲ್ಲರೆದುರು ಎದೆ ಎದೆ ಬಡಿದುಕೊಂಡು ಅತ್ತ. ಹಗೇವಿನ ಮಗ್ಗುಲಲ್ಲೇ ಕುಣಿ ತೋಡಿ, ಮೊದಲ ಹಿಡಿ ಮಣ್ಣು ಅವನೇ ಹಾಕಿದ. ನಿಂಬೆವ್ವನನ್ನು ಹೆಂಗಸರ ಗುಂಪಿನಲ್ಲಿ ಹಿಂದೆಯೇ ನಿಲ್ಲಿಸಿದ್ದರು.

ಉಸ್ತುವಾರಿಯವನು ಕಟ್ಟಳೆಗೆ ತಲೆಬಾಗಿ ತನ್ನ ಮಗನನ್ನೇ ಕಳೆದುಕೊಂಡ ಎಂಬ ಸುದ್ದಿ ದಂಡಿಗೆ ಮುಟ್ಟಿತು. ಸರದಾರನ ಮನಸ್ಸು ಕರಗಿತಂತೆ. ಜೋಳ ಕೇಳದೆ ದಂಡು ಎತ್ತಿದ. ಹೋಗುವ ಮುನ್ನ ಹಳ್ಳದ ದಂಡೆಯ ಒಳ್ಳೆಯ ಹೊಲವನ್ನು ತಮ್ಮನಗೌಡನ ವಂಶಕ್ಕೆ ಉಂಬಳಿ ಹಾಕಿಕೊಟ್ಟ ಎನ್ನುತ್ತಾರೆ. ಊರು ಉಳಿಯಿತು, ಬೆಳೆ ಉಳಿಯಿತು. ಉಳಿದವರಿಗೆ ಇನ್ನೇನು ಬೇಕು? ನಿಂಬೆವ್ವ ಶರಣಪ್ಪಜ್ಜನ ಬಾಗಿಲಿಗೆ ಹೋಗಿ, 'ಯಜ್ಜಾ, ದೀಪ ಆರಿದ್ದು ನೀ ಕಣ್ಣಾರೆ ನೋಡೀದಿ. ಚಾವಡ್ಯಾಗ ಒಂದ್ ಮಾತ ಹೇಳೋ' ಎಂದು ಕೇಳಿದಳು. ಮುದುಕ ಅವಳಿಗಿಂತ ಹೆಚ್ಚು ಅತ್ತ. ಅತ್ತು, ಮೂಗು ಒರೆಸಿಕೊಂಡು, 'ಮನ್ನಿ ನನ್ನ ಮೊಮ್ಮಗನ್ನ ವಾಡೇದಾಗ ಕಾರಕೂನಿಕಿಗಿ ತಗೊಂಡಾರವ್ವಾ' ಎಂದ. ಅವಳು ಇನ್ನೊಬ್ಬರ ಬಾಗಿಲಿಗೆ ಹೋಗಲಿಲ್ಲ. ಪ್ರತಿ ಮನೆಯಲ್ಲೂ ಒಬ್ಬ ಮೊಮ್ಮಗನಿದ್ದ. ಮುಂದೆ ತಮ್ಮನಗೌಡ ಮುದುಕನಾದಾಗ ಹಗೇವಿನ ಉಸ್ತುವಾರಿ, ಅಂದು ಅತ್ತೆಯ ಬೆನ್ನ ಹಿಂದೆ ಸರಿದಿದ್ದ ಅವನ ಹೊಟ್ಟೆಯ ಮಗನಿಗೇ ಹೋಯಿತು.

ದೇಸಾಯರು ಹಗೇವಿನ ಬಾಯಿಗೆ ಮತ್ತೆ ಚಪ್ಪಡಿ ಮುಚ್ಚಿಸಿ, ಅದರ ಸುತ್ತ ಕಟ್ಟೆ ಕಟ್ಟಿಸಿ, ನಮ್ಮವನ ಕಟ್ಟೆ ಎಂದು ಡಂಗುರ ಸಾರಿಸಿದರು. ಅಂದಾನಪ್ಪ ಎಂಬ ಹೆಸರು ಡಂಗುರದಲ್ಲಿ ಬರಲಿಲ್ಲ. ಹೆಸರು ಹೇಳಿದರೆ ಯಾರ ಮಗ ಎಂಬ ಮಾತೂ ಬರುತ್ತದಲ್ಲ. ಕಲ್ಲುಕುಟಿಗ ಪರವೂರಿನವನು, ಸತ್ತವನನ್ನು ಕಂಡವನಲ್ಲ. ಮಗ ತಂದೆಯ ಹಾಗೇ ಇದ್ದಿರಬೇಕೆಂದು ತಮ್ಮನಗೌಡನನ್ನು ಎದುರಿಗೆ ಕೂರಿಸಿಕೊಂಡು ಕೆತ್ತಿದ. ಕಲ್ಲು ನಿಲ್ಲಿಸಿದ ಮಾರನೆಯ ದಿನ ನಿಂಬೆವ್ವ ಹೋಗಿ ನೋಡಿದಳು. ತಮ್ಮನಗೌಡನದೇ ಗಿಣಿಮೂಗು, ಅವನದೇ ಎಣ್ಣೆ ಮೀಸೆ. ಬೀಸುವ ಕಲ್ಲಿನ ಒಂದು ಚೂರು ತಂದು ಆ ಮುಖವನ್ನು ತಿಕ್ಕತೊಡಗಿದಳು. ಮಗನ ಮುಖ ಕೆತ್ತಲು ಅವಳಿಗೆ ಬರುತ್ತಿರಲಿಲ್ಲ; ಅವನದಲ್ಲದ ಮುಖವನ್ನು ಅಳಿಸುವುದಷ್ಟೇ ಅವಳ ಕೈಲಿತ್ತು. ದಿನಾ ಬಂದು ತಿಕ್ಕುತ್ತಿದ್ದಳು. ನೋಡಿದವರು, ಮುದುಕಿ ಎಷ್ಟು ಭಕ್ತಿಯಿಂದ ಮುಖ ತೊಳೆಯುತ್ತಾಳೆ ಎಂದುಕೊಂಡು ತಾವೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ತಿಕ್ಕಿ ಮುಗಿಸಿ ಅವಳು ವಾಡೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದಳು. ಬೇರೆಲ್ಲಿಗೆ ಹೋಗಬೇಕು? ಹೊಟ್ಟೆ ಕೇಳುವುದಿಲ್ಲ. ಮಗನನ್ನು ಇಳಿಸಿದವರಿಗೆ ಮೆತ್ತನೆಯ ರೊಟ್ಟಿ ಮಾಡಿ ಬಡಿಸುತ್ತಲೇ ಅವಳು ಸತ್ತಳು.

ಇಂದಿಗೂ ಎರೆಕೊಪ್ಪಕ್ಕೆ ಬಂದವರು ಮುಖವಿಲ್ಲದ ಆ ಕಲ್ಲನ್ನು, ದುಂಡು ಚಪ್ಪಡಿಯನ್ನು, ರುಮಾಲಿನ ಚೂರುಗಳಿಂದ ಮುಚ್ಚಿಹೋದ ಬನ್ನಿಗಿಡವನ್ನು ನೋಡಬಹುದು. ಹರಕೆ ಹೊರುವವರು ಚಪ್ಪಡಿಯ ಮೇಲೆ ಒಂದು ಪಣತಿ ಹಚ್ಚಿಡಬೇಕು, ಅದು ಪದ್ಧತಿ. ಚಪ್ಪಡಿಯ ಅಂಚಿನಲ್ಲಿ ಹಳೆಯ ಬಿರುಕು ಹಾಗೆಯೇ ಇದೆ, ಯಾರೂ ಮೆತ್ತಿಸಿಲ್ಲ. ಗಾಳಿ ಸುಳಿಯದ ಮಧ್ಯಾಹ್ನಗಳಲ್ಲಿ ಕೂಡ ಆ ಬಿರುಕಿನ ಹತ್ತಿರ ಇಟ್ಟ ದೀಪ ಆರುತ್ತದೆ. 'ಗಾಳಿ, ಗಾಳಿ' ಎಂದು ತಮ್ಮನಗೌಡನ ವಂಶದ ಪೂಜಾರಿ ಕಡ್ಡಿ ಗೀರಿ ಮತ್ತೆ ಹಚ್ಚುತ್ತಾನೆ. ಸಂದರ್ಶನಕ್ಕೆ ಹೊರಟ ಮಗ, ಇಸ್ತ್ರಿ ಮಾಡಿದ ಅಂಗಿ ಮುದುಡದಂತೆ ಹುಷಾರಾಗಿ ಬಗ್ಗುವ ಮುಂಚೆ, ತಾಯಿಯ ಕಡೆ ತಿರುಗಿ ನೋಡುತ್ತಾನೆ. ತಾಯಿ ದೂರದಿಂದಲೇ ನೆಟಿಕೆ ಮುರಿದು, ಹೂಂ ಅನ್ನು ಎಂದು ತಲೆಯಾಡಿಸುತ್ತಾಳೆ.